ಯಾವ ಊರಿನ ಎಣಿಕೆ ಬಾಕಿ ಇದೆ?

2008ರ ಫೆಬ್ರುವರಿ 6. ಸುದ್ದಿ ವೆಬ್‌ಸೈಟೊಂದರ ಡೆಸ್ಕಿನಲ್ಲಿ ನನ್ನದು ಬೆಳಗಿನ ಪಾಳಿ. ಅಮೆರಿಕದಲ್ಲಿ ಇನ್ನೂ ಮಂಗಳವಾರ ರಾತ್ರಿ. ಅವತ್ತು ಇಪ್ಪತ್ತಕ್ಕೂ ಜಾಸ್ತಿ ರಾಜ್ಯಗಳಲ್ಲಿ, ಪಕ್ಷಗಳ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಎಂಬ ಆಯ್ಕೆಗೆ ಮತದಾನ ನಡೆದಿತ್ತು. ಡೆಮಾಕ್ರಟಿಕ್ ಪಕ್ಷದೊಳಗಿನ ಪೈಪೋಟಿಯಲ್ಲಿ, ಮಿಸೌರಿ ರಾಜ್ಯದಲ್ಲಿ ಒಬಾಮಾಗಿಂತ ಹಿಲರಿ ಕ್ಲಿಂಟನ್ ಮುಂದಿದ್ದರು. ಸುದ್ದಿ ಸಂಸ್ಥೆಯೊಂದು ಅವರೇ ಗೆದ್ದರು ಎಂದು ಫ್ಲ್ಯಾಶ್ ಕಳಿಸಿತು. ‘ಮಿಸೌರಿ: ಹಿಲರಿಗೆ ಗೆಲುವು’ ಅಂತ ಹೆಡ್ಡಿಂಗ್ ಕೊಟ್ಟು, ಪೇಜಿಗೆ ಏರಿಸಿ, ಇಡ್ಲಿ ತಿನ್ನಲು ಕ್ಯಾಂಟೀನಿಗೆ ಹೋದೆ.

ವಾಪಸ್ ಬಂದಾಗ ಡೆಸ್ಕಿನ ಹಿರಿಯರು ನನ್ನ ಕುರ್ಚಿ ಪಕ್ಕ ನಿಂತಿದ್ದರು. ಸಂಸ್ಥೆ ಆ ಸುದ್ದಿಯನ್ನು ಹಿಂತೆಗೆದುಕೊಂಡಿತ್ತು. ಒಬಾಮಾ ಮುಂದೆ ಹೋಗಿದ್ದರು.

“ನೀನು ಹಾಕಿದಾಗ ಯಾವ ಊರಿನ ಎಣಿಕೆ ಬಾಕಿ ಇತ್ತು?”

“ನೋಡ್ಲಿಲ್ಲ ಸರ್.”

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಹಳ್ಳಿಗಾಡಿನ ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಲೆಕ್ಕ ಮೊದಲೇ ಬಂದಿತ್ತು, ಅಲ್ಲಿ ಬಹುತೇಕ ಹಿಲರಿಯೇ. ಒಬಾಮಾಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಕೌಂಟಿ. ಆದರೆ ದೊಡ್ಡ ನಗರ ಸೇಂಟ್ ಲೂಯಿಸ್ ಕಡೆಯ ಓಟು ತಡವಾಗಿ ಬಂತು, ರಾಶಿರಾಶಿಯಾಗಿ ಬಂತು. ಕೊನೆಗೆ ಒಬಾಮಾ ಗೆದ್ದರು, ಅಂತರ ಒಂದೂವರೆ ಪರ್ಸೆಂಟಿಗಿಂತ ಕಡಿಮೆ.

ಹೆಡ್ಡಿಂಗ್ ತಿದ್ದಲು ಕೂತೆ. ಅವರು ಇನ್ನೊಂದು ಕೇಳಿದರು: “ಡೆಲಿಗೇಟ್ ಎಷ್ಟೆಷ್ಟು?” ಡೆಲಿಗೇಟ್ ಅಂದರೆ ಪಕ್ಷದ ಅಧಿವೇಶನದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು. ಅದನ್ನೂ ನೋಡಿರಲಿಲ್ಲ. ಕೊನೆಗೆ ಬಂದ ಲೆಕ್ಕ 36-36, ಸಮಸಮ! ಡೆಮಾಕ್ರಟಿಕ್ ಪಕ್ಷದಲ್ಲಿ ಓಟಿನ ಪ್ರಮಾಣಕ್ಕೆ ತಕ್ಕಂತೆ ಡೆಲಿಗೇಟ್‌ಗಳನ್ನು ಹಂಚುತ್ತಾರೆ. ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಲೆಕ್ಕ. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಒಂದೇ ಒಂದು ಓಟಿನಿಂದ ಗೆದ್ದರು, ಸೀಟು ಪೂರ್ತಿ ಅವರದ್ದೇ ಆಯಿತು. ಸೋತವರಿಗೆ ಅರ್ಧ ಸೀಟು ಕೊಡೋಕಾಗುತ್ತಾ? ಮಿಸೌರಿಯಲ್ಲಿ ‘ಯಾರು ಗೆದ್ದರು’ ಅನ್ನೋದು ಟಿವಿಗೆ ಬೇಕಾದ ಮಾತು. ಅಭ್ಯರ್ಥಿಗಳಿಗೆ ಬೇಕಾದ ಲೆಕ್ಕವೇ ಬೇರೆ.

ಎಂಟು ವರ್ಷದ ನಂತರ ಅದೇ ಮಿಸೌರಿ, 2016ರ ಮಾರ್ಚ್ 15. ಈ ಸಲ ಎರಡೂ ಪಕ್ಷಗಳಲ್ಲಿ ಕೂದಲೆಳೆ ಅಂತರ. ಡೆಮಾಕ್ರಟಿಕ್ ಕಡೆ ಹಿಲರಿ–ಸ್ಯಾಂಡರ್ಸ್, ರಿಪಬ್ಲಿಕನ್ ಕಡೆ ಟ್ರಂಪ್–ಕ್ರೂಜ್, ಎರಡರಲ್ಲೂ ವ್ಯತ್ಯಾಸ ಎರಡು ಸಾವಿರ ಓಟಿಗಿಂತ ಕಡಿಮೆ. ಹಿಲರಿ, ಸ್ಯಾಂಡರ್ಸ್ ಡೆಲಿಗೇಟ್‌ಗಳನ್ನು ಹೆಚ್ಚುಕಡಿಮೆ ಅರ್ಧರ್ಧ ಹಂಚಿಕೊಂಡರು. ಅಲ್ಲಿ ಆಗ ರಿಪಬ್ಲಿಕನ್ನರ ನಿಯಮ ಹಾಗಿರಲಿಲ್ಲ. ರಾಜ್ಯ ಗೆದ್ದವರಿಗೆ 12, ಎಂಟು ಸಂಸತ್ ಕ್ಷೇತ್ರಗಳಲ್ಲಿ ಒಂದೊಂದು ಗೆದ್ದರೆ ಐದೈದು. ಹಾಗಾಗಿ ಟ್ರಂಪ್‌ಗೆ 37, ಕ್ರೂಜ್‌ಗೆ 15. ಅದೇ ರಾಜ್ಯ, ಅದೇ ದಿನ, ಅಷ್ಟೇ ಚಿಕ್ಕ ಅಂತರ. ನನಗೆ ಈಗಲೂ ಇದು ಸೋಜಿಗವೇ.

ಅವತ್ತು ನಾನು ‘ಮಿಸೌರಿ: ಎರಡೂ ಕಡೆ ತೀರ್ಮಾನ ಬಾಕಿ’ ಅಂತ ಹಾಕಿ ಸುಮ್ನೆ ಕೂತೆ. ಡೆಸ್ಕಿಗೆ ಹೊಸದಾಗಿ ಸೇರಿದ್ದ ಹುಡುಗ ಎರಡು ಸಲ ಬಂದು ನೋಡಿಹೋದ. ಮೂರನೇ ಸಲ ತಡೆಯಲಾಗದೆ ಕೇಳಿಯೇಬಿಟ್ಟ: “ಇನ್ನೂ ಯಾರೂ ಗೆದ್ದಿಲ್ವಾ ಸರ್?”