ಸ್ಕ್ಯಾನರ್ ಬೆನ್ನಿನ ಸ್ಟಿಕ್ಕರ್ ಓದುವ ಕೆಲಸ

ಹೊಸ ಹ್ಯಾಂಡ್‌ಹೆಲ್ಡ್ ಪೆಟ್ಟಿಗೆ ಬಿಚ್ಚಿದಾಗ ಫ್ಲೋರ್‌ನವರು ಮೊದಲು ನೋಡುವುದು ಸ್ಕ್ರೀನ್ ಎಷ್ಟು ದೊಡ್ಡದು, ತೂಕ ಎಷ್ಟು ಅಂತ. ನಾನು ಬ್ಯಾಟರಿ ತೆಗೆದು ಅದರ ಕೆಳಗಿರುವ ಸ್ಟಿಕ್ಕರ್ ಓದುತ್ತೇನೆ. ತುಮಕೂರು ರಸ್ತೆಯ ಒಂದು ದೊಡ್ಡ ಗೋದಾಮಿನಲ್ಲಿ ಡಿವೈಸ್ ಡೆಸ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಬಾರ್‌ಕೋಡ್ ಸ್ಕ್ಯಾನರ್, ಮಾಲಿನ ಟ್ಯಾಗ್ ಅನ್ನು ರೇಡಿಯೋ ಸಿಗ್ನಲ್‌ನಿಂದ ಓದುವ ಆರ್‌ಎಫ್‌ಐಡಿ ಗನ್, ಸೆಕ್ಯುರಿಟಿಯವರ ವಾಕಿಟಾಕಿ, ಡ್ರೈವರ್‌ಗಳಿಗೆ ಕೊಡುವ ಫೋನ್, ಹೀಗೆ ಕೈಯಲ್ಲಿ ಹಿಡಿದು ಓಡಾಡುವ, ಸಿಗ್ನಲ್ ಬಿಡುವ ಸಾಮಾನೆಲ್ಲ ನನ್ನ ಕೌಂಟರ್ ದಾಟಿಯೇ ಹೋಗಬೇಕು.

ಈ ಡೆಸ್ಕ್‌ಗೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಹೇಳುವುದು ಒಂದೇ ಮಾತು. ಇಂಥ ಸಾಮಾನು ಬಳಸಬಹುದು ಅನ್ನುವ ಸರ್ಟಿಫಿಕೇಟ್ ಸಿಗುವುದು ಒಂದು ಮಾಡೆಲ್‌ಗೆ, ಅದರ ಇಂಥದ್ದೇ ಫ್ರೀಕ್ವೆನ್ಸಿಗೆ, ಇಂಥದ್ದೇ ಆಂಟೆನಾ, ಇಂಥದ್ದೇ ಬ್ಯಾಟರಿಗೆ. ಫ್ಲೋರ್‌ಗೆ ಇಳಿದ ಮೇಲೆ ಇದರಲ್ಲಿ ಯಾವುದೋ ಒಂದು ಬದಲಾಗಿಯೇ ಆಗುತ್ತದೆ. ಫೈಲ್‌ನಲ್ಲಿ ಮಾತ್ರ ಅದೇ ಹಳೇ ಕಾಗದ ಇರುತ್ತದೆ. ಬೈಕಿಗೆ ಬೇರೆ ಸೈಲೆನ್ಸರ್ ಹಾಕಿಸಿ ಪೊಲೀಸರಿಗೆ ಆರ್‌ಸಿ ತೋರಿಸಿದ ಹಾಗೆ.

ಆರ್‌ಎಫ್‌ಐಡಿ ಗನ್ ಕಥೆ ಹೇಳಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಬ್ಬ ಕ್ಲೈಂಟ್ ತಮ್ಮ ಅಮೆರಿಕದ ಗೋದಾಮಿನಲ್ಲಿ ಉಳಿದಿದ್ದ ರೀಡರ್‌ಗಳನ್ನು ನಮಗೆ ಕಳಿಸಿಕೊಟ್ಟರು. ಹೊಸದು ಕೊಳ್ಳುವ ಖರ್ಚು ಉಳಿಯಿತಲ್ಲ ಅಂತ ಎಲ್ಲರಿಗೂ ಖುಷಿ. ಆನ್ ಮಾಡಿ ನೋಡಿದರೆ ಟ್ಯಾಗ್‌ಗಳೆಲ್ಲ ಚಕಚಕ ಅಂತ ಓದುತ್ತಿವೆ. ನಮ್ಮ ಹಳೇ ಗನ್‌ಗಿಂತ ಒಂದು ಕೈ ಮೇಲೆಯೇ. ನಾನು ಸ್ಟಿಕ್ಕರ್ ನೋಡಿ ಬದಿಗಿಟ್ಟೆ. ಅದರಲ್ಲಿ ಅಮೆರಿಕದ ಅನುಮೋದನೆಯ ಗುರುತಾದ ಎಫ್‌ಸಿಸಿ ಐಡಿ ಇತ್ತು, ಭಾರತದ್ದು ಅಂತ ಏನೂ ಇರಲಿಲ್ಲ.

ತೊಂದರೆ ಇರುವುದು ಸ್ಟಿಕ್ಕರ್‌ನಲ್ಲಿ ಅಲ್ಲ, ಫ್ರೀಕ್ವೆನ್ಸಿಯಲ್ಲಿ. ಅಮೆರಿಕದಲ್ಲಿ ಈ ಗನ್‌ಗಳು 902ರಿಂದ 928 ಮೆಗಾಹರ್ಟ್ಸ್ ಒಳಗೆ ಕೆಲಸ ಮಾಡುತ್ತವೆ. ನಮ್ಮಲ್ಲಿ 2005ರ ನಿಯಮದಂತೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದು 865ರಿಂದ 867. 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಿದರು. ಹಾಗಾದರೆ ನಮ್ಮ ದೇಶದಲ್ಲಿ 902ರ ಆಸುಪಾಸಿನಲ್ಲಿ ಏನಿದೆ? ಮೊಬೈಲ್ ಇದೆ. 890ರಿಂದ 915ರವರೆಗಿನ ಜಾಗದಲ್ಲಿ ಫೋನ್‌ಗಳು ಟವರ್‌ಗೆ ಮಾತು ಕಳಿಸುತ್ತವೆ. ದೂರದ ಫೋನ್‌ನಿಂದ ಟವರ್‌ಗೆ ತಲುಪುವ ಸಿಗ್ನಲ್ ಬಹಳ ಕ್ಷೀಣ. ಅದನ್ನು ಹಿಡಿಯಲು ಟವರ್ ಕಿವಿಗೊಟ್ಟು ಕೂತಿರುವಾಗ, ಪಕ್ಕದ ಗೋದಾಮಿನಲ್ಲಿ ನಮ್ಮ ಹುಡುಗ ಒಂದು ವ್ಯಾಟ್ ಗನ್ ಹಿಡಿದು ಇಡೀ ದಿನ ಟ್ರಿಗರ್ ಒತ್ತುತ್ತಿದ್ದರೆ ಏನಾಗಬಹುದು, ಯೋಚಿಸಿ. ಸುತ್ತಲಿನ ಊರಿನವರಿಗೆ ಕಾಲ್ ಕಟ್ ಆಗುತ್ತದೆ. ಅವರು ಬೈಯುವುದು ಮೊಬೈಲ್ ಕಂಪನಿಗೆ.

ಇದರಲ್ಲಿ ಮೋಸದ ವಿಷಯ ಅಂದರೆ, ಗನ್ ಹಿಡಿದವನಿಗೆ ಏನೂ ಗೊತ್ತಾಗುವುದಿಲ್ಲ. ಈಗಿನ ಟ್ಯಾಗ್‌ಗಳನ್ನು 860ರಿಂದ 960ರವರೆಗೆ ಎಲ್ಲಿ ಕೇಳಿದರೂ ಉತ್ತರ ಕೊಡುವಂತೆ ಮಾಡಿರುತ್ತಾರೆ. ಮಾಲು ದೇಶ ದೇಶ ಸುತ್ತುತ್ತದಲ್ಲ, ಅದಕ್ಕೆ. ಹಾಗಾಗಿ ಅಮೆರಿಕದ ಗನ್ ನೆಲಮಂಗಲದಲ್ಲೂ ಅಚ್ಚುಕಟ್ಟಾಗಿ ಓದುತ್ತದೆ. ಕೆಲಸ ಮಾಡದ ಮಷಿನ್ ಆಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಚೆನ್ನಾಗಿ ಕೆಲಸ ಮಾಡುವ ಮಷಿನ್ ಮೇಲೆ ಅನುಮಾನ ಪಡಬೇಕಾದ್ದೇ ನನ್ನ ಡೆಸ್ಕ್.

"ಸೆಟ್ಟಿಂಗ್‌ನಲ್ಲಿ ದೇಶ ಬದಲಿಸಿದರಾಯ್ತು ಬಿಡಿ ಸರ್" ಅಂತ ಸರ್ವೀಸ್‌ನವರು ಫೋನ್‌ನಲ್ಲೇ ಮುಗಿಸಲು ನೋಡಿದರು. ಎಷ್ಟೋ ರೀಡರ್‌ಗಳಲ್ಲಿ ಆ ಮೆನು ಇರುತ್ತದೆ, ನಿಜ. ಆದರೆ ಅಮೆರಿಕಕ್ಕೆಂದು ಮಾಡಿದ ಮಾಡೆಲ್‌ಗಳಲ್ಲಿ ದೇಶ ಬದಲಿಸದಂತೆ ಬೀಗ ಹಾಕಿರುತ್ತಾರೆ. ಅದು ಅಲ್ಲಿನ ಕಾನೂನು. ಮಾಡೆಲ್ ನಂಬರ್‌ನ ಕೊನೆಯ ಒಂದೆರಡು ಅಕ್ಷರದಲ್ಲಿ ಈ ವ್ಯತ್ಯಾಸ ಅಡಗಿರುತ್ತದೆ. ಕೊಟೇಶನ್‌ನಲ್ಲಿ ಆ ಅಕ್ಷರಗಳನ್ನು ಯಾರೂ ಟೈಪ್ ಮಾಡುವುದಿಲ್ಲ! ಆ ಗನ್‌ಗಳು ಅದೇ ಪೆಟ್ಟಿಗೆಯಲ್ಲಿ ವಾಪಸ್ ಹೋದವು. ಆಪರೇಶನ್ಸ್‌ನವರು ನನ್ನ ಜತೆ ಕೆಲವು ದಿನ ಸರಿಯಾಗಿ ಮಾತಾಡಲಿಲ್ಲ.

ಈಗ ನಾನು ಕೇಳುವುದು ಇಟಿಎ. ಕೇಂದ್ರ ಟೆಲಿಕಾಂ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡುವ ಅನುಮೋದನೆ ಅದು. ಲೈಸೆನ್ಸ್ ಬೇಡದ ಬ್ಯಾಂಡ್‌ನಲ್ಲಿ ಕೆಲಸ ಮಾಡುವ ಉಪಕರಣಕ್ಕೂ ಇದು ಬೇಕು. ಇಲ್ಲಿ ಜನ ಎಡವುತ್ತಾರೆ. ಬಳಸಲು ಲೈಸೆನ್ಸ್ ಬೇಡ ಅನ್ನುವುದು ಒಂದು, ಮಷಿನ್‌ಗೆ ಅನುಮೋದನೆ ಬೇಡ ಅನ್ನುವುದು ಇನ್ನೊಂದು. ಮೊದಲನೆಯದು ನಿಜ, ಎರಡನೆಯದು ಅಲ್ಲ. ಯುರೋಪಿನ ಸಿಇ ಗುರುತು ಇದೆ, ಎಫ್‌ಸಿಸಿ ಇದೆ ಅಂತ ಕಾಗದ ಮುಂದಿಟ್ಟರೆ ನಾನು ಓದಿ ಗೌರವದಿಂದ ವಾಪಸ್ ಕೊಡುತ್ತೇನೆ. ನಮ್ಮಲ್ಲಿ ಅದು ನಡೆಯುವುದಿಲ್ಲ.

ವಾಕಿಟಾಕಿ ವಿಷಯ ಇನ್ನೂ ಸಡಿಲ. ಸೆಕ್ಯುರಿಟಿ ಗುತ್ತಿಗೆ ಬದಲಾದಾಗಲೆಲ್ಲ ಹೊಸ ಏಜೆನ್ಸಿಯವರು ತಮ್ಮ ಸೆಟ್ ತಾವೇ ತರುತ್ತಾರೆ. ಹೆಚ್ಚಿನವು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತೆಗೆದುಕೊಂಡವು. ಮುಂಭಾಗದಲ್ಲಿ ನಂಬರ್ ಬಟನ್‌ಗಳಿರುತ್ತವೆ. ಯಾವ ಫ್ರೀಕ್ವೆನ್ಸಿ ಬೇಕೋ ಒತ್ತಿಕೊಳ್ಳಬಹುದು, 136ರಿಂದ 174, 400ರಿಂದ 520 ಮೆಗಾಹರ್ಟ್ಸ್. ಪೊಲೀಸರು, ರೈಲ್ವೆ, ಹಡಗು, ಹವ್ಯಾಸಕ್ಕೆ ರೇಡಿಯೋ ಬಳಸುವ ಹ್ಯಾಮ್‌ನವರು ಎಲ್ಲರೂ ಈ ವಿಸ್ತಾರದಲ್ಲೇ ಎಲ್ಲೋ ಒಂದು ಕಡೆ ಇರುತ್ತಾರೆ. ಗೇಟಿನಲ್ಲಿ ಕೂತ ಗಾರ್ಡ್‌ಗೆ ಇದು ಗೊತ್ತಿರಬೇಕು ಅಂತ ನಿರೀಕ್ಷಿಸುವುದೂ ತಪ್ಪು. ಆತನಿಗೆ "ಲಾರಿ ಬಂತು, ಡಾಕ್ ನಾಲ್ಕಕ್ಕೆ ಬಿಡಿ" ಅನ್ನುವುದು ತಲುಪಿದರೆ ಸಾಕು.

ಲೈಸೆನ್ಸ್ ಇಲ್ಲದೆ ಬಳಸಬಹುದಾದ ಕಡಿಮೆ ಪವರ್‌ನ ಸೆಟ್‌ಗಳಿಗೆ 2018ರ ನಿಯಮದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿದ್ದಾರೆ. ಬರೀ ಪುಟ್ಟ ಜಾಗ. ಗೋದಾಮಿಗೆ ಅಷ್ಟು ಧಾರಾಳ ಸಾಕು. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಮಧ್ಯೆ ಬಂತು. ಫ್ರೀಕ್ವೆನ್ಸಿ ಮತ್ತು ಇಟಿಎ ವಿವರ ಇಲ್ಲದೆ ವಾಕಿಟಾಕಿಗಳನ್ನು ಆನ್‌ಲೈನ್‌ನಲ್ಲಿ ಮಾರುವಂತಿಲ್ಲ ಅಂತ ಮಾರ್ಗಸೂಚಿ ತಂದಿತು. ಆಮೇಲೆ ನನ್ನ ಕೆಲಸ ಎಷ್ಟೋ ಹಗುರವಾಯಿತು. ಮೊದಲು ನಾನು ಕೇಳಿದರೆ "ಅಮೆಜಾನ್‌ನಲ್ಲೇ ಸಿಗುತ್ತೆ ಸರ್, ತಪ್ಪು ಹೇಗಾಗುತ್ತೆ?" ಅನ್ನುತ್ತಿದ್ದರು. ಸಿಗುತ್ತದೆ ಅಂದ ಮಾತ್ರಕ್ಕೆ ಸರಿ ಅಂತಲ್ಲ ಅಂತ ವಿವರಿಸುವಷ್ಟರಲ್ಲಿ ಶಿಫ್ಟ್ ಮುಗಿಯುತ್ತಿತ್ತು.

ನಮ್ಮ ಅಕೌಂಟ್ಸ್‌ನಲ್ಲಿ ಒಬ್ಬರು ಹ್ಯಾಮ್ ಇದ್ದಾರೆ. ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಂಡವರು. ಒಮ್ಮೆ ಮ್ಯಾನೇಜರ್ ತಮಾಷೆಗೋ ನಿಜವಾಗಿಯೋ, "ಅವರ ಲೈಸೆನ್ಸ್ ಮೇಲೆ ನಮ್ಮ ಸೆಟ್ ಓಡಿಸೋಣ" ಅಂದರು. ಆ ಮನುಷ್ಯ ಗಾಬರಿಯಾದದ್ದು ನೋಡಬೇಕಿತ್ತು. ಹ್ಯಾಮ್ ಲೈಸೆನ್ಸ್ ಹವ್ಯಾಸಕ್ಕೆ. ವ್ಯಾಪಾರದ ಒಂದು ಮಾತನ್ನೂ ಅಲ್ಲಿ ಆಡುವಂತಿಲ್ಲ.

ಇನ್ನು ಮೈಗೆ ತೊಂದರೆಯಾಗುತ್ತದಾ ಅನ್ನುವ ಪ್ರಶ್ನೆ. ಇದನ್ನು ಕೇಳದೆ ಇರುವ ವಾರವೇ ಇಲ್ಲ. ಆರ್ಡರ್‌ಗೆ ಮಾಲು ಆರಿಸಿ ತರುವ ಪಿಕಿಂಗ್‌ನಲ್ಲಿರುವ ಹೆಣ್ಣುಮಕ್ಕಳು ಸ್ಕ್ಯಾನರ್ ಅನ್ನು ಸೊಂಟಕ್ಕೆ ಕಟ್ಟಿಕೊಂಡೇ ಇಡೀ ಶಿಫ್ಟ್ ನಡೆಯುತ್ತಾರೆ. ಬಸುರಿಯಾದಾಗ ಒಬ್ಬರು ಬಂದು, "ಅಣ್ಣ, ಇದನ್ನ ಕಟ್ಕೊಂಡ್ರೆ ಮಗೂಗೆ ಏನಾದ್ರೂ ಆಗುತ್ತಾ?" ಅಂತ ಕೇಳಿದರು. ಇಂಥ ಪ್ರಶ್ನೆಗೆ "ಏನೂ ಆಗಲ್ಲ ಹೋಗಮ್ಮ" ಅನ್ನುವುದು ನನಗೆ ಇಷ್ಟವಿಲ್ಲ. ಕೈಪಿಡಿ ತೆಗೆದು ಕೂತೆವು.

ಭಾರತದಲ್ಲಿ ಮೊಬೈಲ್ ಫೋನ್‌ಗಳಿಗೆ ಎಸ್‌ಎಆರ್, ಅಂದರೆ ದೇಹ ಹೀರಿಕೊಳ್ಳುವ ರೇಡಿಯೋ ಶಕ್ತಿಯ, ಮಿತಿ ಕೆಜಿಗೆ 1.6 ವ್ಯಾಟ್. ದೇಹದ 1 ಗ್ರಾಂ ಭಾಗದ ಮೇಲೆ ಲೆಕ್ಕ ಹಾಕಿದ ಸರಾಸರಿ ಅದು. 2012ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೆ ಮೊದಲು 10 ಗ್ರಾಂ ಮೇಲೆ 2 ವ್ಯಾಟ್ ಇತ್ತು. ಅಂದರೆ ಮಿತಿಯನ್ನು ಬಿಗಿ ಮಾಡಿದ್ದಾರೆ. ಬಹಳಷ್ಟು ಫೋನ್‌ಗಳಲ್ಲಿ *#07# ಒತ್ತಿದರೆ ಆ ಮಾಡೆಲ್‌ನ ಅಂಕಿ ಬರುತ್ತದೆ. ಇಷ್ಟು ಎಲ್ಲ ಕಡೆ ಬರೆದಿರುತ್ತದೆ. ಯಾರೂ ಓದದ ಸಾಲು ಅದರ ಕೆಳಗಿದೆ. ಮೈಗೆ ಕಟ್ಟಿಕೊಂಡು ಬಳಸುವಾಗ ಇಷ್ಟು ಮಿಲಿಮೀಟರ್ ದೂರವಿಟ್ಟು ಪರೀಕ್ಷೆ ಮಾಡಿದ್ದೇವೆ, ಲೋಹವಿಲ್ಲದ ಪೌಚ್ ಬಳಸಿ ಅಂತ. ನಮ್ಮ ಸ್ಕ್ಯಾನರ್‌ಗೆ ಆ ದೂರ 15 ಮಿಲಿಮೀಟರ್. ಸ್ಕ್ಯಾನರ್ ಜತೆಗೇ ಕಂಪನಿ ಕೊಡುವ ಹೋಲ್‌ಸ್ಟರ್‌ನ, ಅಂದರೆ ಸೊಂಟದ ಚೀಲದ, ದಪ್ಪ ಅಷ್ಟಿರುತ್ತದೆ. ನಮ್ಮ ಹುಡುಗಿಯರು ಕಟ್ಟಿಕೊಂಡಿದ್ದದ್ದು ಹೋಲ್‌ಸ್ಟರ್ ಹರಿದ ಮೇಲೆ ಯಾರೋ ಹೊಲಿಸಿ ತಂದ ತೆಳು ರೆಕ್ಸಿನ್ ಚೀಲ. ಹಿಂದೆ ಕಬ್ಬಿಣದ ಕ್ಲಿಪ್.

ಇದರಿಂದ ಅಪಾಯ ಆಗಿಯೇ ಬಿಟ್ಟಿತು ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಹೆದರಿಸುವುದು ನನ್ನ ಕೆಲಸವಲ್ಲ. ಆದರೆ ಫೈಲ್‌ನಲ್ಲಿರುವ ಅಂಕಿ ಆ ರೆಕ್ಸಿನ್ ಚೀಲದ ಅಂಕಿ ಅಲ್ಲ. ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಅಂದೇ ಆ ಹೆಣ್ಣುಮಗಳಿಗೆ ಟ್ರಾಲಿಯ ಹ್ಯಾಂಡಲ್‌ಗೆ ಸಿಕ್ಕಿಸುವ ಸ್ಟ್ಯಾಂಡ್ ಕೊಟ್ಟೆವು. ಮೈಗೆ ತಾಗುವ ಮಾತೇ ಇಲ್ಲ. ಒಂದು ತಿಂಗಳೊಳಗೆ ಉಳಿದವರೂ ಅದನ್ನೇ ಕೇಳಲು ಶುರು ಮಾಡಿದರು. ಸೊಂಟದ ಭಾರ ಕಡಿಮೆಯಾಯಿತು ಅನ್ನುವುದು ಅವರ ಕಾರಣ, ಎಸ್‌ಎಆರ್ ಅಲ್ಲ. ನನಗೆ ಯಾವ ಕಾರಣವಾದರೂ ಸರಿ.

ಇದೇ ಹೊತ್ತಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದೆವು. ಗೋದಾಮಿನ ಹಿಂದಿನ ಮೂಲೆಯಲ್ಲಿ ಕಬ್ಬಿಣದ ರ‍್ಯಾಕ್‌ಗಳ ಮಧ್ಯೆ ಮೊಬೈಲ್ ಸಿಗ್ನಲ್ ಒಂದು ಕಡ್ಡಿಯೂ ಇರುತ್ತಿರಲಿಲ್ಲ. ಸಿಗ್ನಲ್ ಕಡಿಮೆಯಾದಷ್ಟೂ ಟವರ್ ಮುಟ್ಟಲು ಸಾಧನ ತನ್ನ ಪವರ್ ಏರಿಸುತ್ತದೆ. ಬ್ಯಾಟರಿ ಬೇಗ ಇಳಿಯುತ್ತದೆ, ಮಷಿನ್ ಬಿಸಿಯಾಗುತ್ತದೆ. ಟವರ್ ಹತ್ತಿರ ಇದ್ದರೆ ರೇಡಿಯೇಶನ್ ಜಾಸ್ತಿ ಅಂತ ಹೆದರುವ ಜನಕ್ಕೆ, ಕೈಯಲ್ಲಿರುವ ಫೋನ್ ಮಟ್ಟಿಗೆ ವಿಷಯ ಉಲ್ಟಾ ಅಂತ ಹೇಳಿದರೆ ನಂಬುವುದೇ ಇಲ್ಲ. ಆ ಮೂಲೆಗೆ ವೈಫೈ ಪಾಯಿಂಟ್ ಹಾಕಿಸಿ, ಸ್ಕ್ಯಾನರ್‌ಗಳ ಸಿಮ್ ತೆಗೆದೆವು.

ಪೇಸ್‌ಮೇಕರ್ ಹಾಕಿಸಿಕೊಂಡವರ ವಿಷಯದಲ್ಲಿ ಮಾತ್ರ ನಾನು ಚರ್ಚೆ ಮಾಡುವುದಿಲ್ಲ. ಫೋನ್, ಸ್ಕ್ಯಾನರ್ ಎದೆಯಿಂದ 15 ಸೆಂಟಿಮೀಟರ್ ಆಚೆ. ಅಂಗಿಯ ಎಡ ಜೇಬಿಗೆ ಫೋನ್ ಇಲ್ಲ. ಆರ್‌ಎಫ್‌ಐಡಿ ಗನ್ ಕೆಲಸಕ್ಕೆ ಅವರನ್ನು ಹಾಕುವುದೇ ಇಲ್ಲ.

ನನ್ನ ಅನುಭವದಲ್ಲಿ ನಿಜವಾಗಿ ಕೈ ಸುಡುವುದು ರೇಡಿಯೋ ಅಲ್ಲ, ಬ್ಯಾಟರಿ. ನಮ್ಮಲ್ಲಿ ಕೋಲ್ಡ್ ರೂಮ್ ಇದೆ, ಮೈನಸ್ 18. ಅಲ್ಲಿಂದ ಹೊರಬಂದ ಹುಡುಗ ಮಾಡುವ ಮೊದಲ ಕೆಲಸ, ಇಬ್ಬನಿ ಹಿಡಿದ ಸ್ಕ್ಯಾನರ್ ಅನ್ನು ಸೀದಾ ಚಾರ್ಜಿಂಗ್ ಕ್ರೇಡಲ್‌ಗೆ ಸಿಕ್ಕಿಸುವುದು. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಒಳಗೆ ಲಿಥಿಯಂ ಲೋಹವಾಗಿ ಪದರಗಟ್ಟುತ್ತದೆ, ಮುಂದೆ ಯಾವತ್ತೋ ಒಳಗೇ ಶಾರ್ಟ್ ಆಗುವ ದಾರಿ ಅದು. ಒಳ್ಳೆಯ ಬ್ಯಾಟರಿಯಲ್ಲಿ ಇದಕ್ಕೆ ಕಾವಲು ಇರುತ್ತದೆ. ಪ್ಲಸ್, ಮೈನಸ್ ಪಿನ್‌ಗಳ ಪಕ್ಕದ ಮೂರನೇ ಪಿನ್‌ಗೆ ಒಳಗೆ ಥರ್ಮಿಸ್ಟರ್ ಇಟ್ಟಿರುತ್ತಾರೆ, ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ಬ್ಯಾಟರಿ ತಣ್ಣಗಿದೆ ಅಂತ ಅದು ಹೇಳಿದರೆ ಚಾರ್ಜರ್ ಕಾಯುತ್ತದೆ.

ಪರ್ಚೇಸ್‌ನವರು ಒಮ್ಮೆ ಅರ್ಧ ಬೆಲೆಗೆ ಬ್ಯಾಟರಿ ತರಿಸಿದ್ದರು. ನೋಡಲು ಒರಿಜಿನಲ್ ತದ್ರೂಪು. ಸುರಕ್ಷತೆಗೆ ನೋಂದಾಯಿಸಿದ್ದಾರೆ ಅಂತ ತೋರಿಸುವ ಬಿಐಎಸ್‌ನ ಆರ್ ನಂಬರ್ ಎಲ್ಲಿ ಅಂತ ಹುಡುಕಿದರೆ ಸಿಗಲಿಲ್ಲ. ಕುತೂಹಲಕ್ಕೆ ಮಲ್ಟಿಮೀಟರ್ ತೆಗೆದು ಮೂರನೇ ಪಿನ್ ಅಳೆದೆ. ರೂಮಿನಲ್ಲಿ ಒರಿಜಿನಲ್‌ದೂ 10 ಕಿಲೋ ಓಮ್, ಹೊಸದರದ್ದೂ 10. ಎರಡನ್ನೂ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ಮತ್ತೆ ಅಳೆದರೆ ಒರಿಜಿನಲ್ 25 ಕಿಲೋ ಓಮ್ ಹತ್ತಿರ ಏರಿತ್ತು. ಹೊಸದು ಅಲ್ಲಾಡಿರಲಿಲ್ಲ, ಅದೇ 10. ಅಂದರೆ ಥರ್ಮಿಸ್ಟರ್ ಜಾಗದಲ್ಲಿ ನಾಲ್ಕಾಣೆ ರೆಸಿಸ್ಟರ್ ಕೂರಿಸಿ, "ಯಾವಾಗಲೂ 25 ಡಿಗ್ರಿ ಇದೆ" ಅಂತ ಚಾರ್ಜರ್‌ಗೆ ಸುಳ್ಳು ಹೇಳಿಸುತ್ತಿದ್ದಾರೆ. ಬೇಸಿಗೆಯಲ್ಲಿ ಟ್ರಕ್ ಡ್ಯಾಶ್‌ಬೋರ್ಡ್ ಮೇಲೆ ಕಾದು ಕೆಂಡವಾದರೂ ಅದೇ ಸುಳ್ಳು. ಆ ಮೀಟರ್ ರೀಡಿಂಗ್ ತೋರಿಸಿದ ಮೇಲೆ ಪರ್ಚೇಸ್‌ನವರು ವಾದ ಮಾಡಲಿಲ್ಲ. ಪುಟಗಟ್ಟಲೆ ಮೇಲ್ ಬರೆದರೂ ಆಗದ ಕೆಲಸ ಎರಡು ಅಂಕಿಯಿಂದ ಆಯಿತು. ಈಗ ಕೋಲ್ಡ್ ರೂಮ್ ಬಾಗಿಲ ಹೊರಗೆ ಒಂದು ಮರದ ಶೆಲ್ಫ್ ಇದೆ. ಸ್ಕ್ಯಾನರ್ ಅಲ್ಲಿ ಅರ್ಧ ಗಂಟೆ ಕೂತು, ನೀರಾರಿ, ಆಮೇಲೆ ಕ್ರೇಡಲ್‌ಗೆ.

ಕ್ರೇಡಲ್ ಎಲ್ಲಿರಬೇಕು ಅನ್ನುವುದೂ ಒಂದು ಗಲಾಟೆ. ಪ್ಲಗ್ ಪಾಯಿಂಟ್ ಜಾಸ್ತಿ ಇರುವುದು ಫೋರ್ಕ್‌ಲಿಫ್ಟ್ ಚಾರ್ಜಿಂಗ್ ಕೋಣೆಯಲ್ಲಿ. ಎಲ್ಲರಿಗೂ ಅಲ್ಲೇ ಆಸೆ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು 4 ಪರ್ಸೆಂಟ್ ಸೇರಿದರೆ ಒಂದು ಕಿಡಿ ಸಾಕು. ನಮ್ಮ ಸ್ಕ್ಯಾನರ್, ವಾಕಿಟಾಕಿ ಯಾವುದೂ ಅಂಥ ಜಾಗಕ್ಕೆಂದು ಮಾಡಿದ್ದಲ್ಲ. ಕೆಳಗೆ ಬಿದ್ದು ಬ್ಯಾಟರಿ ಕಳಚಿಕೊಂಡರೆ ಪಿನ್‌ನಲ್ಲಿ ಕಿಡಿ ಬರಬಹುದು. ಪೆಟ್ರೋಲ್ ಬಂಕಿನಲ್ಲಿ ಬೋರ್ಡ್ ನೋಡಿ ಫೋನ್ ಜೇಬಿಗಿಡುವವರೇ ಈ ಕೋಣೆಯಲ್ಲಿ ಫೋನ್ ಚಾರ್ಜ್‌ಗೆ ಹಾಕುತ್ತಾರೆ. ಹೊರಗೆ ಒಂದು ಕಂಬಿ ಹಾಕಿಸಿ, "ಸೆಟ್ ಇಲ್ಲೇ ನೇತುಹಾಕಿ ಒಳಗೆ ಬನ್ನಿ" ಅಂತ ಕನ್ನಡ, ಹಿಂದಿ, ಒಡಿಯಾದಲ್ಲಿ ಬರೆಸಿದ್ದೇವೆ. ಓದು ಬಾರದವರಿಗೆ ಚಿತ್ರ.

ರಿಪೇರಿ ವಿಷಯ ಚುಟುಕಾಗಿ ಹೇಳುತ್ತೇನೆ. ಡ್ರೈವರ್ ಫೋನ್ ರಿಪೇರಿಯಾಗಿ ಬಂದರೆ *#06# ಒತ್ತಿ ಫೋನಿನ ಗುರುತಿನ ನಂಬರ್ ಐಎಂಇಐ ನೋಡುತ್ತೇವೆ, ನಮ್ಮ ರಿಜಿಸ್ಟರ್ ಜತೆ ಹೋಲಿಸುತ್ತೇವೆ. ಬೋರ್ಡ್ ಬದಲಾಗಿ ಬೇರೆ ನಂಬರ್ ಬಂದಿದ್ದರೆ ಕೆವೈಎಂ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಆ ನಂಬರ್ ಸೇರಿಸಿ 14422ಕ್ಕೆ ಮೆಸೇಜ್ ಕಳಿಸಿದರೆ ಅದರ ಜಾತಕ ಗೊತ್ತಾಗುತ್ತದೆ. ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲೂ ನೋಡಬಹುದು. ಐಎಂಇಐ ತಿದ್ದಿದ ಫೋನ್ ಇಟ್ಟುಕೊಳ್ಳುವುದು ತಮಾಷೆಯಲ್ಲ. 2023ರ ಟೆಲಿಕಾಂ ಕಾಯ್ದೆಯಲ್ಲಿ ಇಂಥ ಗುರುತು ತಿದ್ದಿದವರಿಗೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ಸದ್ಯಕ್ಕೆ ನನ್ನ ಮೇಜಿನ ಮೇಲೆ ಇರುವ ಜಗಳ ಪರ್ಚೇಸ್ ಫಾರ್ಮ್‌ನದ್ದು. ಮಾಡೆಲ್ ನಂಬರ್ ಪೂರ್ತಿ, ಕೊನೆಯ ಅಕ್ಷರದವರೆಗೆ ಬರೆಯಲೇಬೇಕಾದ ಒಂದು ಕಾಲಂ, ಇಟಿಎ ನಂಬರ್‌ಗೆ ಇನ್ನೊಂದು ಕಾಲಂ ಕೇಳಿದ್ದೇನೆ. ಫಾರ್ಮ್ ಈಗಲೇ ಎರಡು ಪುಟ ಆಗಿದೆ ಅಂತ ಅವರ ತಕರಾರು. ಕೆಳಗೆ "ಬಣ್ಣ" ಅಂತ ಒಂದು ಕಾಲಂ ಇದೆ, ಅದನ್ನು ತೆಗೆದು ಜಾಗ ಮಾಡಿ ಅಂದಿದ್ದೇನೆ. ಉತ್ತರ ಬಂದಿಲ್ಲ.