ಸುವಾರೆಜ್ ಅಂದರೆ ಆ ಕಚ್ಚಿದವನಾ?

ಫುಟ್‌ಬಾಲ್ ಮಾತು ಬಂದಾಗಲೆಲ್ಲ ಯಾರಾದರೂ ನನ್ನನ್ನು ಕೇಳುತ್ತಾರೆ, ಸ್ಪೇನ್ ಕಂಡ ಅತ್ಯುತ್ತಮ ಮಿಡ್‌ಫೀಲ್ಡರ್ ಯಾರು ಅಂತ. ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಇರುತ್ತದೆ. ಚಾವಿ, ಇಲ್ಲಾಂದ್ರೆ ಇನಿಯೆಸ್ಟಾ. ನಾನು ಲೂಯಿಸ್ ಸುವಾರೆಜ್ ಅನ್ನುತ್ತೇನೆ. ಕೂಡಲೇ ಎರಡನೇ ಪ್ರಶ್ನೆ ಬರುತ್ತದೆ: "ಯಾರು, ವರ್ಲ್ಡ್ ಕಪ್‌ನಲ್ಲಿ ಕಚ್ಚಿದನಲ್ಲ, ಅವನಾ?"

ಅವನಲ್ಲ. ಕಚ್ಚಿದವನು ಉರುಗ್ವೆಯವನು, 1987ರಲ್ಲಿ ಹುಟ್ಟಿದವನು. ನಾನು ಹೇಳುವ ಸುವಾರೆಜ್ ಹುಟ್ಟಿದ್ದು 1935ರಲ್ಲಿ, ಸ್ಪೇನ್‌ನ ವಾಯವ್ಯ ಮೂಲೆಯ ಬಂದರು ಲಾ ಕೊರುನ್ಯಾದಲ್ಲಿ. ಇಬ್ಬರೂ ಬಾರ್ಸಿಲೋನಾಗೆ ಆಡಿದ್ದರಿಂದ ಗೊಂದಲ ಇನ್ನೂ ಜಾಸ್ತಿ. ಹೆಸರು ಹಾಕಿ ಹುಡುಕಿದರೆ ಮೊದಲು ಸಿಗುವುದು ಆ ಉರುಗ್ವೆಯವನೇ. ಅದಕ್ಕೇ ನನ್ನ ಉತ್ತರವನ್ನು ಒಮ್ಮೆ ಪೂರ್ತಿ ಬರೆದಿಡುತ್ತಿದ್ದೇನೆ.

1960ರಲ್ಲಿ ಬ್ಯಾಲನ್ ಡಿ ಓರ್, ಅಂದರೆ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ, ಸುವಾರೆಜ್‌ಗೆ ಸಿಕ್ಕಿತು. ಅವರಿಗೆ 54 ಅಂಕ, ಎರಡನೇ ಸ್ಥಾನದಲ್ಲಿದ್ದ ಪುಷ್ಕಾಶ್‌ಗೆ 37. ಆಮೇಲೆ 1961 ಮತ್ತು 1964ರಲ್ಲಿ ಎರಡನೇ ಸ್ಥಾನ, 1965ರಲ್ಲಿ ಮೂರನೆಯದು. ಅವರಿಗಿಂತ ಮೊದಲು ಡಿ ಸ್ಟೆಫಾನೊ ಸ್ಪೇನ್ ಹೆಸರಿನಲ್ಲಿ ಗೆದ್ದಿದ್ದರು ನಿಜ, ಆದರೆ ಅವರು ಹುಟ್ಟಿದ್ದು ಅರ್ಜೆಂಟೀನಾದಲ್ಲಿ. ಪುರುಷರ ಪೈಕಿ ಸ್ಪೇನ್‌ನಲ್ಲೇ ಹುಟ್ಟಿ ಈ ಪ್ರಶಸ್ತಿ ಗೆದ್ದ ಮುಂದಿನ ಆಟಗಾರ ರೋಡ್ರಿ, 2024ರಲ್ಲಿ. ನಡುವೆ 64 ವರ್ಷ! ಚಾವಿಗೂ ಸಿಗಲಿಲ್ಲ, ಇನಿಯೆಸ್ಟಾಗೂ ಸಿಗಲಿಲ್ಲ.

ಆದರೆ ನಾನು ಅವರ ಹೆಸರು ಹೇಳುವುದು ಪ್ರಶಸ್ತಿಗಾಗಿ ಅಲ್ಲ.

ತಮ್ಮೂರಿನ ಕ್ಲಬ್ ಡೆಪೊರ್ಟಿವೊದಿಂದ 1954ರಲ್ಲಿ ಬಾರ್ಸಿಲೋನಾಗೆ ಬಂದಾಗ ಅಲ್ಲಿನ ತಾರೆ ಕುಬಾಲಾ ಅಂದರೆ ದೇವರು. ಕೋಚ್ ಹೆಲೆನಿಯೊ ಹೆರೆರಾ ಕುಬಾಲಾರನ್ನು ಬದಿಗಿಟ್ಟು ಸುವಾರೆಜ್‌ರನ್ನು ನೆಚ್ಚಿಕೊಂಡರು. 1959 ಮತ್ತು 1960ರಲ್ಲಿ ಲೀಗ್ ಗೆದ್ದರು. ಅಭಿಮಾನಿಗಳು ಮಾತ್ರ ಎರಡು ಬಣವಾದರು. ಕುಬಾಲಾ ಬಣದವರು ತಮ್ಮದೇ ತಂಡದ ಸುವಾರೆಜ್ ಚೆಂಡು ಮುಟ್ಟಿದರೆ ಸಿಳ್ಳೆ ಹೊಡೆಯುತ್ತಿದ್ದರು. ನಮ್ಮಲ್ಲಿ ಸಿಳ್ಳೆ ಅಂದರೆ ಖುಷಿ, ಅಲ್ವಾ? ಸ್ಪೇನ್‌ನಲ್ಲಿ ಅದು ಛೀಮಾರಿ. ಜಗತ್ತಿನ ಕಣ್ಣಲ್ಲಿ ಯುರೋಪಿನ ಶ್ರೇಷ್ಠ ಆಟಗಾರ, ಮನೆಯಂಗಳದಲ್ಲೇ ಛೀಮಾರಿ. ಇದನ್ನು ಓದಿದಾಗ ನನಗೆ ಈಗಲೂ ಬೇಜಾರಾಗುತ್ತದೆ.

ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಯುರೋಪಿಯನ್ ಕಪ್‌ನ ಮೊದಲ ಐದು ವರ್ಷವೂ ಗೆದ್ದದ್ದು ರಿಯಲ್ ಮ್ಯಾಡ್ರಿಡ್. ಅವರನ್ನು ಆ ಟೂರ್ನಿಯಿಂದ ಮೊದಲ ಸಲ ಹೊರಗೆ ಹಾಕಿದ್ದು ಬಾರ್ಸಿಲೋನಾ, 1960ರ ನವೆಂಬರ್‌ನಲ್ಲಿ. ಮ್ಯಾಡ್ರಿಡ್‌ನಲ್ಲಿ ನಡೆದ ಪಂದ್ಯ 2-2 ಆಯಿತು, ಬಾರ್ಸಿಲೋನಾದ ಎರಡೂ ಗೋಲು ಸುವಾರೆಜ್‌ರದು. ಮುಂದೆ 1961ರ ಮೇ 31ರಂದು ಬರ್ನ್‌ನಲ್ಲಿ ಫೈನಲ್. ಬೆನ್‌ಫಿಕಾ ಎದುರು 3-2ರಿಂದ ಸೋತರು. ಆ ಮೈದಾನದ ಗೋಲ್‌ಕಂಬಗಳು ಈಗಿನ ಹಾಗೆ ದುಂಡಗಲ್ಲ, ಚೌಕಾಕಾರದವು. ಬಾರ್ಸಿಲೋನಾ ಹೊಡೆದ ಚೆಂಡು ಮತ್ತೆ ಮತ್ತೆ ಕಂಬಕ್ಕೆ ಬಡಿದು ವಾಪಸ್ ಬಂತು.

ಅದೇ ವರ್ಷ ಕ್ಲಬ್ ಅವರನ್ನು ಇಂಟರ್ ಮಿಲಾನ್‌ಗೆ ಮಾರಿತು. ಹೆರೆರಾ ಆಗಲೇ ಅಲ್ಲಿದ್ದರು. ಬೆಲೆ 25 ಕೋಟಿ ಲಿರಾ, ಆಗಿನ ವಿಶ್ವದಾಖಲೆ. ಕ್ಯಾಂಪ್ ನೌ ಮೈದಾನ ಕಟ್ಟಿದ ಸಾಲ ಕ್ಲಬ್ಬಿನ ತಲೆ ಮೇಲಿತ್ತು. ಸಾಲದ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಬಾರ್ಸಿಲೋನಾ ಮತ್ತೆ ಲೀಗ್ ಗೆದ್ದದ್ದು 1974ರಲ್ಲಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೆರೆರಾ ಕಾಲದ ಇಂಟರ್ ಅಂದರೆ ಎಲ್ಲರಿಗೂ ನೆನಪಾಗುವುದು ಕತೆನಾಚಿಯೊ, ರಕ್ಷಣೆಗೇ ಒತ್ತು ಕೊಡುವ ಆಟ. ಆ ಇಟಾಲಿಯನ್ ಪದದ ಅರ್ಥ ಅಗುಳಿ, ಬಾಗಿಲಿಗೆ ಹಾಕುತ್ತೇವಲ್ಲ ಅದು. ಬಾಗಿಲು ಹಾಕಿಕೊಂಡು ಕೂರುವ ತಂಡ ಅಂತ ಬೈಯುವವರು ಇಂದಿಗೂ ಇದ್ದಾರೆ. ಅರ್ಧ ನಿಜ. ಆದರೆ ಸುಮ್ನೆ ಬಾಗಿಲು ಹಾಕಿಕೊಂಡು ಕೂತವರು 1963, 1965, 1966ರಲ್ಲಿ ಇಟಲಿಯ ಲೀಗ್ ಗೆಲ್ಲುವುದಿಲ್ಲ. 1964, 1965ರಲ್ಲಿ ಯುರೋಪಿಯನ್ ಕಪ್ ಎತ್ತುವುದಿಲ್ಲ. ಆ ಬಾಗಿಲನ್ನು ಒಳಗಿನಿಂದ ತೆಗೆಯುತ್ತಿದ್ದವರು ಸುವಾರೆಜ್. ಬಾರ್ಸಿಲೋನಾದಲ್ಲಿ ಮುಂದೆ ನಿಂತು ಗೋಲು ಹೊಡೆಯುತ್ತಿದ್ದವರು ಇಲ್ಲಿ ಹಿಂದೆ ಸರಿದರು. ರಕ್ಷಣೆಯವರು ಕಿತ್ತುಕೊಂಡ ಚೆಂಡು ಅವರ ಕಾಲಿಗೆ ಬರುತ್ತಿತ್ತು. ಅಲ್ಲಿಂದ ಒಂದೇ ಉದ್ದ ಪಾಸ್, ಜೈರ್ ಅಥವಾ ಮಝೋಲಾ ಓಡುತ್ತಿರುವ ಕಡೆಗೆ. ಎದುರಾಳಿಗಳು ತಿರುಗಿ ನೋಡುವಷ್ಟರಲ್ಲಿ ಆಟ ಅವರ ಗೋಲಿನ ಮುಂದಿರುತ್ತಿತ್ತು. ಡಿ ಸ್ಟೆಫಾನೊ ಸುವಾರೆಜ್‌ರನ್ನು 'ವಾಸ್ತುಶಿಲ್ಪಿ' ಅಂತ ಕರೆದದ್ದು ಸುಮ್ಮನೆ ಅಲ್ಲ.

1964ರ ಬೇಸಿಗೆ ಅವರ ಬದುಕಿನ ಶಿಖರ ಅನ್ನಬೇಕು. ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ, ಯುರೋಪಿಯನ್ ಕಪ್ ಫೈನಲ್‌ನಲ್ಲಿ, ಇಂಟರ್ ರಿಯಲ್ ಮ್ಯಾಡ್ರಿಡ್ ತಂಡವನ್ನು 3-1ರಿಂದ ಸೋಲಿಸಿತು. ಜೂನ್ 21ರಂದು ಮ್ಯಾಡ್ರಿಡ್‌ನಲ್ಲಿ ಸ್ಪೇನ್ ಸೋವಿಯತ್ ಒಕ್ಕೂಟವನ್ನು 2-1ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆಯಿತು. ಒಂದು ತಿಂಗಳೊಳಗೆ ಎರಡು ಕಿರೀಟ. 1960ರಲ್ಲಿ ಇದೇ ಸೋವಿಯತ್ ತಂಡದ ಜೊತೆ ಆಡಲು ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೋ ಸರ್ಕಾರ ಬಿಟ್ಟಿರಲಿಲ್ಲ, ಸ್ಪೇನ್ ಟೂರ್ನಿಯನ್ನೇ ಬಿಟ್ಟುಕೊಟ್ಟಿತ್ತು. ಸುವಾರೆಜ್ ಬ್ಯಾಲನ್ ಡಿ ಓರ್ ಗೆದ್ದ ವರ್ಷವೇ ಅದು.

ದೇಶಕ್ಕಾಗಿ 32 ಪಂದ್ಯ, 14 ಗೋಲು. 1970ರಲ್ಲಿ ಸಾಂಪ್ಡೋರಿಯಾ ಸೇರಿ 1973ರವರೆಗೆ ಆಡಿದರು. 1990ರ ವರ್ಲ್ಡ್ ಕಪ್‌ನಲ್ಲಿ ಸ್ಪೇನ್ ಕೋಚ್ ಅವರೇ. 2023ರ ಜುಲೈನಲ್ಲಿ, 88ನೇ ವಯಸ್ಸಿನಲ್ಲಿ, ಮಿಲಾನ್‌ನಲ್ಲೇ ತೀರಿಕೊಂಡರು. ರೋಡ್ರಿ ಗೆದ್ದದ್ದನ್ನು ನೋಡಲು ಅವರಿರಲಿಲ್ಲ.

ಇಷ್ಟು ಹೇಳಿದ ಮೇಲೆ ಕೆಲವರು ಕೇಳುತ್ತಾರೆ, ಅವರ ಯಾವ ಪಂದ್ಯ ನೋಡಬೇಕು ಅಂತ. ನಾನು ಹೇಳುವುದು ಅವರು ಆಡದೇ ಇದ್ದ ಪಂದ್ಯ. 1967ರ ಯುರೋಪಿಯನ್ ಕಪ್ ಫೈನಲ್, ಲಿಸ್ಬನ್, ಎದುರಾಳಿ ಸೆಲ್ಟಿಕ್. ಗಾಯದಿಂದ ಸುವಾರೆಜ್ ಹೊರಗಿದ್ದರು. ಇಂಟರ್‌ಗೆ ಬೇಗನೇ ಒಂದು ಪೆನಾಲ್ಟಿ ಸಿಕ್ಕಿತು, ಮಝೋಲಾ ಗೋಲು ಹೊಡೆದರು, ತಂಡ ಅಗುಳಿ ಹಾಕಿಕೊಂಡಿತು. ಆಮೇಲೆ ನೋಡಿ. ಇಂಟರ್ ರಕ್ಷಣೆ ಚೆಂಡು ಕಿತ್ತುಕೊಳ್ಳುತ್ತದೆ, ತಲೆಯೆತ್ತಿ ನೋಡುತ್ತದೆ, ಕೊಡಲು ಯಾರೂ ಇಲ್ಲ. ಚೆಂಡು ಮತ್ತೆ ಸೆಲ್ಟಿಕ್ ಕಾಲಿಗೆ. ಮತ್ತೆ ಅದೇ, ಮತ್ತೆ ಅದೇ. 2-1ರಿಂದ ಸೋಲುವವರೆಗೂ ಅದೇ.