‘ಮಗಳು ಟ್ವಿಲೈಟ್ ಓದ್ತಿದಾಳೆ, ಓದಬಹುದಾ ಮಿಸ್?’

ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಹಾಲ್‌ನಲ್ಲಿ ಒಂದು ಕಪಾಟು ಇದೆ. ಯಾರು ಬೇಕಾದರೂ ಪುಸ್ತಕ ತಗೊಂಡು ಹೋಗಬಹುದು, ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಬೇಕು ಅಷ್ಟೇ. ಒಳ್ಳೊಳ್ಳೆ ಪುಸ್ತಕಗಳೆಲ್ಲ ಧೂಳು ಹಿಡಿದು ಕೂತಿರುತ್ತವೆ. ಓಡಾಡುವುದು ನಾಲ್ಕೇ, ಕಪ್ಪು ರಟ್ಟಿನ ದಪ್ಪ ಪುಸ್ತಕಗಳು, ಸ್ಟೆಫನಿ ಮೇಯರ್ ಬರೆದ ಟ್ವಿಲೈಟ್ ಸರಣಿ. ಯಾವುದಾದರೂ ಹುಡುಗಿ ಅವನ್ನು ತಗೊಂಡು ಹೋಗಿ ಒಂದು ವಾರಕ್ಕೆ ಸರಿಯಾಗಿ ಅವಳ ಅಮ್ಮ ಬರುತ್ತಾರೆ. ಫೀಸು ಕೊಡುವ ನೆಪ. ಕೊಟ್ಟು, ಚಪ್ಪಲಿ ಹಾಕಿಕೊಳ್ಳುತ್ತಾ, ದನಿ ತಗ್ಗಿಸಿ ಕೇಳುತ್ತಾರೆ: ‘ಅದ್ಯಾವುದೋ ರಕ್ತ ಕುಡಿಯೋ ದೆವ್ವದ ಲವ್ ಸ್ಟೋರಿ ಅಂತೆ ಮಿಸ್. ರಾತ್ರಿ ಎರಡು ಗಂಟೆವರೆಗೂ ಲೈಟ್ ಆರಿಸಲ್ಲ. ಓದಬಹುದಾ?’

ಓದಲಿ. ಇದು ಗೇಟಿನ ಹತ್ತಿರ ನಿಂತು ಹೇಳುವ ಉತ್ತರ. ಪೂರ್ತಿ ಉತ್ತರ ಹೇಳೋಕೆ ಯಾರಿಗೂ ಪುರುಸೊತ್ತು ಇರಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಬೆಲ್ಲಾ ಅಂತ ಹದಿನೇಳರ ಹುಡುಗಿ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಅಮ್ಮನ ಬಿಸಿಲೂರು ಫೀನಿಕ್ಸ್ ಬಿಟ್ಟು ಫೋರ್ಕ್ಸ್ ಅನ್ನುವ ಮಳೆಯೂರಿಗೆ, ಪೊಲೀಸ್ ಆಗಿರುವ ಅಪ್ಪ ಚಾರ್ಲಿಯ ಮನೆಗೆ ಬರುತ್ತಾಳೆ. ಕ್ಲಾಸಿನಲ್ಲಿ ಪಕ್ಕ ಕೂರುವ ಎಡ್ವರ್ಡ್ ವ್ಯಾಂಪೈರ್. 1901ರಲ್ಲಿ ಹುಟ್ಟಿದವನು, 1918ರಲ್ಲಿ ಸ್ಪ್ಯಾನಿಷ್ ಫ್ಲೂ ಬಂದು ಸಾಯುವುದರಲ್ಲಿದ್ದಾಗ ಒಬ್ಬ ವ್ಯಾಂಪೈರ್ ಡಾಕ್ಟರು ಕಚ್ಚಿ, ತನ್ನ ಹಾಗೇ ವ್ಯಾಂಪೈರ್ ಮಾಡಿ ಉಳಿಸಿಕೊಂಡಿದ್ದು. ನೂರು ದಾಟಿದರೂ ನೋಡೋಕೆ ಹದಿನೇಳೇ. ‘ಇಷ್ಟು ವರ್ಷದಿಂದ ಪಿಯುಸಿ ರಿಪೀಟ್ ಮಾಡ್ತಿದಾನಾ ಮಿಸ್’ ಅಂತ ನಮ್ಮ ಹುಡುಗರು ನಗುತ್ತಾರೆ. ಇವನ ಮನೆಯವರು ಮನುಷ್ಯರ ರಕ್ತ ಕುಡಿಯಲ್ಲ, ಕಾಡುಪ್ರಾಣಿ ಹಿಡಿಯುತ್ತಾರೆ. ಮಧ್ಯೆ ಜೇಕಬ್ ಅಂತ ಇನ್ನೊಬ್ಬ ಹುಡುಗ, ತೋಳವಾಗಿ ಬದಲಾಗುವವನು. ಇವರಿಬ್ಬರಲ್ಲಿ ಯಾರು ಅನ್ನುವುದೇ ನಾಲ್ಕು ಪುಸ್ತಕ.

ಮೇಯರ್‌ಗೆ ಇದು ಕನಸಿನಲ್ಲಿ ಬಂದ ಕಥೆ. 2003ರ ಜೂನ್ 2ರ ಬೆಳಿಗ್ಗೆ ಏಳುವ ಮುಂಚೆ ಬಿದ್ದ ಕನಸು, ಒಂದು ಹುಲ್ಲುಗಾವಲು, ಒಬ್ಬ ಹುಡುಗಿ, ಬಿಸಿಲಿಗೆ ಮಿರಮಿರ ಮಿಂಚುವ ಹುಡುಗ. ಆಕೆ ಇದ್ದಿದ್ದು ಅರಿಜೋನಾದ ಬಿಸಿಲಲ್ಲಿ, ಮನೆ ತುಂಬ ಚಿಕ್ಕ ಮಕ್ಕಳು. ಮಳೆ ಜಾಸ್ತಿ ಇರುವ ಊರು ಯಾವುದು ಅಂತ ಇಂಟರ್ನೆಟ್‌ನಲ್ಲಿ ಹುಡುಕಿದಾಗ ಫೋರ್ಕ್ಸ್ ಸಿಕ್ಕಿತು. 2005ರಲ್ಲಿ ಮೊದಲ ಪುಸ್ತಕ, 2008ರ ಹೊತ್ತಿಗೆ ನಾಲ್ಕೂ ಮುಗಿದಿದ್ದವು.

ನಾನು ಓದಿದ್ದು 2009ರಲ್ಲಿ, ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ. ನನಗೂ ಹದಿನೇಳು. ಕಸಿನ್ ಒಬ್ಬಳು ಬೆಂಗಳೂರಿನ ಫುಟ್‌ಪಾತ್‌ನಿಂದ ತಂದಿದ್ದ ಡೂಪ್ಲಿಕೇಟ್ ಪ್ರತಿಗಳು, ತೆಳ್ಳನೆ ಹಾಳೆ, ಅಂಟಿನ ವಾಸನೆ. ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು. ಬಾಗಿಲ ಹತ್ತಿರ ನೆಲದ ಮೇಲೆ ಮಲಗಿ, ಬೆವರುತ್ತಾ, ಪುಟಪುಟಕ್ಕೂ ಮಳೆ ಸುರಿಯುವ ಊರಿನ ಕಥೆ ಓದಿದೆ. ಬೆಲ್ಲಾ ಮಳೆಯನ್ನು ಬೈಯುತ್ತಾಳೆ. ಭದ್ರಾ ನಾಲೆಗೆ ನೀರು ಬಿಟ್ಟರಾ ಇಲ್ವಾ ಅಂತ ಪೇಪರ್ ತಿರುವಿಹಾಕುವ ಜಿಲ್ಲೆಯವಳು ನಾನು, ಮಳೆಯನ್ನು ಬೈಯುವ ಹುಡುಗಿ ನನಗೆ ವ್ಯಾಂಪೈರ್‌ಗಿಂತ ವಿಚಿತ್ರವಾಗಿ ಕಂಡಳು.

ಎರಡನೆಯದು ನ್ಯೂ ಮೂನ್. ಎಡ್ವರ್ಡ್ ಬೆಲ್ಲಾಳನ್ನು ಬಿಟ್ಟು ಹೋಗುತ್ತಾನೆ, ಅವಳ ಒಳ್ಳೆಯದಕ್ಕೇ ಅಂತೆ. ಅದಾದ ಮೇಲೆ ಪುಟ ತಿರುಗಿಸಿದರೆ ‘ಅಕ್ಟೋಬರ್’ ಅಂತ ಒಂದೇ ಪದ. ಉಳಿದಿದ್ದು ಖಾಲಿ. ಮುಂದಿನದು ‘ನವೆಂಬರ್’, ಅದೂ ಖಾಲಿ. ಹಿಂಗೇ ಜನವರಿವರೆಗೆ. ನಾನು ಡೂಪ್ಲಿಕೇಟ್ ಪ್ರತಿಯಲ್ಲಿ ಪ್ರಿಂಟ್ ಬಿದ್ದಿಲ್ಲ ಅಂದುಕೊಂಡೆ. ಬೆಳಕಿಗೆ ಹಿಡಿದು ನೋಡಿದೆ. ಕಸಿನ್‌ಗೆ ಫೋನ್ ಮಾಡಿ ‘ನಿಂಗೆ ಟೋಪಿ ಹಾಕಿದಾರೆ ಕಣೇ’ ಅಂದೆ. ಅವಳು ‘ಲೇ ಪೆದ್ದಿ, ಅವಳಿಗೆ ಆ ನಾಲ್ಕು ತಿಂಗಳು ಏನೂ ಇಲ್ಲ, ಅದಕ್ಕೇ ಖಾಲಿ’ ಅಂದಳು. ಫೋನ್ ಇಟ್ಟು ಮತ್ತೆ ಆ ಪುಟಗಳನ್ನು ಒಂದೊಂದೇ ತಿರುಗಿಸಿದೆ. ಈಗ ಬೇಜಾನ್ ಓದಿದ್ದೇನೆ, ಆದರೂ ಯಾರಾದರೂ ‘ಟ್ವಿಲೈಟ್ ಬರೀ ಕಸ’ ಅಂದರೆ ಆ ನಾಲ್ಕು ಹಾಳೆ ನೆನಪಾಗುತ್ತವೆ. ಭಾಷೆ ಸಾಧಾರಣ, ನಿಜ. ಎಡ್ವರ್ಡ್ ಎಷ್ಟು ಚೆಂದ ಅಂತ ಎಷ್ಟು ಸಲ ಹೇಳುತ್ತಾರೋ, ಲೆಕ್ಕ ಹಾಕಿದರೆ ತಲೆನೋವು ಬರುತ್ತದೆ. ಆದರೆ ಕಾಯುವ ಸಂಕಟ ಹೇಗಿರುತ್ತದೆ ಅಂತ ಮೇಯರ್‌ಗೆ ಗೊತ್ತು.

ಬಿಸಿಲಿಗೆ ಮಿಂಚುವ ವಿಷಯ. ಟ್ಯೂಷನ್ನಿನ ಹುಡುಗರಿಗೆ ಇದೇ ದೊಡ್ಡ ತಕರಾರು, ‘ನಿಜವಾದ ವ್ಯಾಂಪೈರ್ ಬಿಸಿಲಿಗೆ ಸುಟ್ಟು ಹೋಗಬೇಕು ಮಿಸ್.’ ನಿಜವಾದ ವ್ಯಾಂಪೈರಂತೆ! 1897ರ ಡ್ರಾಕುಲಾ ಕಾದಂಬರಿಯಲ್ಲಿ ಆ ಹೆಸರಿನ ವ್ಯಾಂಪೈರ್ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಡಿಮೆಯಾಗುತ್ತದೆ ಅಷ್ಟೇ. ಬಿಸಿಲಿಗೆ ಸಾಯುವುದು ಬಂದಿದ್ದು 1922ರ ನೊಸ್‌ಫೆರಾಟು ಅನ್ನುವ ಮೂಕಿ ಸಿನಿಮಾದಿಂದ. ಹಾಗಾಗಿ ಮೇಯರ್ ತಮಗೆ ಬೇಕಾದ ಹಾಗೆ ಬದಲಾಯಿಸಿದ್ದಕ್ಕೆ ನನ್ನ ಜಗಳವೇನಿಲ್ಲ.

ನನ್ನ ಜಗಳ ಇನ್ನೊಂದು ನಿಯಮ ಬಿಟ್ಟಿದ್ದಕ್ಕೆ. ಹಳೆಯ ಕಥೆಗಳಲ್ಲಿ ವ್ಯಾಂಪೈರ್ ಸುಮ್ನೆ ಮನೆಯೊಳಗೆ ಬರುವ ಹಾಗಿಲ್ಲ, ಮನೆಯವರು ಯಾರಾದರೂ ಕರೆಯಬೇಕು. ಡ್ರಾಕುಲಾಗೂ ಅದೇ ಕಟ್ಟುಪಾಡು. ನಮ್ಮಲ್ಲೂ ಇತ್ತಲ್ಲ, ಚಿಕ್ಕವಳಿದ್ದಾಗ ಓಣಿಯ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ದೆವ್ವ ಬಂದು, ಓದಿಕೊಂಡು, ಮರ್ಯಾದೆಯಾಗಿ ವಾಪಸ್ ಹೋಗಬೇಕು. ಮಾರನೇ ದಿನ ಮತ್ತೆ ಬಂದರೆ ಮತ್ತೆ ಅದೇ ಬೋರ್ಡು. ನಮ್ಮ ದೆವ್ವಕ್ಕೆ ಕನ್ನಡ ಓದೋಕೆ ಬರುತ್ತಿತ್ತು, ಮನೆಯವರ ಮಾತಿಗೆ ಬೆಲೆ ಕೊಡುತ್ತಿತ್ತು. ಎಡ್ವರ್ಡ್ ಹಂಗಲ್ಲ. ಬೆಲ್ಲಾಗೆ ಗೊತ್ತೇ ಇಲ್ಲದ ಹಾಗೆ ರಾತ್ರಿ ಕಿಟಕಿಯಿಂದ ಬಂದು ಅವಳು ಮಲಗಿದ್ದನ್ನು ನೋಡುತ್ತಾ ಕೂರುತ್ತಾನೆ. ಆಮೇಲೆ ಅವನೇ ಒಪ್ಪಿಕೊಂಡಾಗ ಅವಳಿಗೆ ಸಿಟ್ಟು ಬರಬೇಕಿತ್ತು, ಒಳಗೊಳಗೇ ಖುಷಿಯಾಗುತ್ತದೆ. 2020ರಲ್ಲಿ ಅವನ ಬಾಯಲ್ಲೇ ಹೇಳಿಸಿದ ಮಿಡ್‌ನೈಟ್ ಸನ್ ಬಂತು. ಲಾಕ್‌ಡೌನ್ ಅಲ್ವಾ, ಅದನ್ನೂ ಓದಿದೆ. ಅದರಲ್ಲಿ ಈ ಮಹಾನುಭಾವ ಕಿಟಕಿ ಸದ್ದು ಮಾಡುತ್ತಲ್ಲ, ಮುಂದಿನ ಸಲಕ್ಕೆ ಏನಾದರೂ ಮಾಡಬೇಕು ಅಂತ ಯೋಚಿಸುತ್ತಾನೆ! ಮಿಕ್ಕ ಏಳುನೂರು ಚಿಲ್ಲರೆ ಪುಟ ಬೇಕಾಗಿರಲಿಲ್ಲ, ಅಷ್ಟು ಸಾಕಿತ್ತು.

ಅಮ್ಮಂದಿರಿಗೆ ಇದು ಹೇಳಿದರೆ ‘ಅಯ್ಯೋ ಹಂಗಾರೆ ಬೇಡ’ ಅನ್ನುತ್ತಾರೆ. ಅವರ ಭಯ ಬೇರೆ. ರಕ್ತ, ಮುತ್ತು, ಆಮೇಲೆ ನೀವು ಊಹಿಸಿದ್ದು. ಆ ಭಯವಿದ್ದರೆ ನಿಶ್ಚಿಂತೆಯಾಗಿರಿ. ಇವನು ಮದುವೆಯಾಗದೆ ಮುಂದುವರಿಯಲ್ಲ ಅಂತ ಹಟ ಹಿಡಿದು ಕೂತವನು. ಅವಳೇ ಕೇಳಿದರೂ ಊಹೂಂ. ಜಾತಕವೊಂದು ಕೇಳಿಲ್ಲ, ಮಿಕ್ಕಿದ್ದೆಲ್ಲ ನಮ್ಮ ಕಡೆಯ ಸಂಪ್ರದಾಯಸ್ಥ ಗಂಡೇ.

ನಾನು ಗಮನ ಕೊಟ್ಟು ಓದಿ ಅನ್ನುವುದು ಮೂರನೆಯದನ್ನ, ಎಕ್ಲಿಪ್ಸ್. ಬೆಲ್ಲಾ ಜೇಕಬ್‌ನನ್ನು ನೋಡೋಕೆ ಹೊರಡುತ್ತಾಳೆ. ತೋಳಗಳ ಜೊತೆ ಇರುವುದು ಅಪಾಯ ಅಂತ ಎಡ್ವರ್ಡ್‌ಗೆ ಇಷ್ಟವಿಲ್ಲ. ಅವಳು ಹಳೇ ಟ್ರಕ್ ಹತ್ತಿ ಕೀ ತಿರುಗಿಸಿದರೆ ಸ್ಟಾರ್ಟ್ ಆಗಲ್ಲ. ನೋಡಿದರೆ ಇವನು ಪಕ್ಕದ ಸೀಟಿನಲ್ಲೇ ಕೂತಿದ್ದಾನೆ, ಕೈಯಲ್ಲಿ ಎಂಜಿನ್ನಿನ ಒಂದು ಬಿಡಿಭಾಗ. ಬೆಳಿಗ್ಗೆ ಸ್ಕೂಲಿಗೆ ಹೋಗುವ ಹೊತ್ತಿಗೆ ಜೋಡಿಸಿಕೊಡುತ್ತಾನಂತೆ. ಈ ರಾತ್ರಿ ನಾನು ಬರುವುದು ಬೇಡ ಅಂದರೆ ಕಿಟಕಿ ಮುಚ್ಚಿರು ಅಂತಲೂ ಹೇಳುತ್ತಾನೆ. ಬೆಲ್ಲಾ ಮೇಲೆ ಹೋಗಿ ಕಿಟಕಿಯನ್ನು ಧಡ್ ಅಂತ ಹಾಕುತ್ತಾಳೆ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದು, ಆಮೇಲೆ ಪೂರ್ತಿ ತೆರೆಯುತ್ತಾಳೆ.

ಇದನ್ನು ಓದಿದಾಗ ನನಗೆ ‘ಅಬ್ಬಾ ಎಷ್ಟು ಪ್ರೀತಿ’ ಅನ್ನಿಸಿತ್ತು. ಸುಳ್ಳು ಯಾಕೆ ಹೇಳಲಿ.

ಅದೇ ವರ್ಷ, ಪರೀಕ್ಷೆಗೆ ಮುಂಚೆ, ಒಂದು ಸಂಜೆ ನಿಟ್ಟುವಳ್ಳಿಯಲ್ಲಿದ್ದ ಗೆಳತಿಯ ಹುಟ್ಟುಹಬ್ಬಕ್ಕೆ ಹೊರಟಿದ್ದೆ. ಸ್ಕೂಟಿ ಸ್ಟಾರ್ಟ್ ಆಗಲಿಲ್ಲ. ಬಟನ್ ಒತ್ತಿದೆ, ಕಿಕ್ ಹೊಡೆದೆ. ಹೊಸ ಚೂಡಿದಾರ ಬೆನ್ನಿಗೆ ಅಂಟಿಕೊಳ್ಳುವವರೆಗೆ ಹೊಡೆದೆ. ಪಕ್ಕದ ಮನೆ ಅಂಕಲ್ ಬಂದು ಕವರ್ ಬಿಚ್ಚಿ ಬಗ್ಗಿ ನೋಡಿ, ‘ಪ್ಲಗ್ಗೇ ಇಲ್ವಲ್ಲಮ್ಮ’ ಅಂದರು. ಒಳಗೆ ನಮ್ಮಣ್ಣ ಟೀವಿ ಮುಂದೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ಅಂಗಿ ಜೇಬಿನಲ್ಲಿ ಪ್ಲಗ್, ಜೇಬಿನ ಅಂಚಿಗೆ ಕಪ್ಪು ಮಸಿ. ‘ಕತ್ತಲಾದ ಮೇಲೆ ಆ ರೋಡಲ್ಲಿ ಲಾರಿ ಜಾಸ್ತಿ. ನಿನ್ನ ಒಳ್ಳೇದಕ್ಕೇ ತೆಗೆದಿದ್ದು. ನಾಳೆ ಬೆಳಿಗ್ಗೆ ಹಾಕಿಕೊಡ್ತೀನಿ’ ಅಂದ. ಅಮ್ಮ ‘ಅವನು ಹೇಳೋದರಲ್ಲಿ ತಪ್ಪೇನೈತೆ’ ಅಂದರು. ವಾರ ಪೂರ್ತಿ ನಾನು ಅವನ ಜೊತೆ ಮಾತಾಡಲಿಲ್ಲ.

ನೋಡಿ ತಮಾಷೆ. ಅಣ್ಣ ಪ್ಲಗ್ ಬಿಚ್ಚಿದ್ದಕ್ಕೆ ಅಷ್ಟು ಉರಿದವಳು, ಎರಡೇ ತಿಂಗಳ ಮೇಲೆ ಎಡ್ವರ್ಡ್ ಎಂಜಿನ್ ಬಿಚ್ಚಿದರೆ ಕರಗಿ ನೀರಾದೆ. ಎರಡನ್ನೂ ಜೊತೆಗಿಟ್ಟು ನೋಡೋಕೆ ನನ್ನಿಂದ ಆಗಿದ್ದೂ ಅಲ್ಲ. ಹೋದ ವರ್ಷ ಒಬ್ಬ ಹುಡುಗಿ ಪುಸ್ತಕ ವಾಪಸ್ ಕೊಡುತ್ತಾ, ‘ಮಿಸ್, ನಮ್ಮಪ್ಪಾಜಿ ಗಾಡಿ ಕೀ ಎತ್ತಿಟ್ಟರೆ ನಾನು ಮೂರು ದಿನ ಊಟ ಮಾಡಲ್ಲ. ಇವನು ಎಂಜಿನ್ನೇ ಬಿಚ್ಚಿದಾನೆ, ಇವಳು ಕಿಟಕಿ ತೆಗೀತಾಳಲ್ಲ’ ಅಂದಳು. ನಾನು ಹತ್ತು ಹದಿನೈದು ವರ್ಷದಿಂದ ಕಪಾಟಿನಲ್ಲಿ ಇಟ್ಟುಕೊಂಡಿದ್ದ ಪುಸ್ತಕ ಅದು! ಅವತ್ತು ಗ್ರಾಮರ್ ಪಾಠ ಆಗಲಿಲ್ಲ. ಕಿಟಕಿ ಯಾಕೆ ತೆಗೆದಳು ಅಂತಲೇ ಒಂದು ಗಂಟೆ ಜಗಳ. ಸಿಟ್ಟು ಇಳಿಯಿತು ಅಂತ ಒಬ್ಬಳು, ಒಬ್ಬಳೇ ಮಲಗೋಕೆ ಬೇಜಾರು ಅಂತ ಇನ್ನೊಬ್ಬಳು. ಮೂಲೆಯಲ್ಲಿದ್ದ ಹುಡುಗನೊಬ್ಬ, ‘ಕಿಟಕಿ ಹಾಕಿದ್ರೂ ಅವನು ಅಂಗಳದಲ್ಲೇ ಇರ್ತಿದ್ದ ಬಿಡ್ರೇ’ ಅಂದ.

ಅದಕ್ಕೇ ಓದಲಿ ಅನ್ನುವುದು. ಮುತ್ತು ಕೊಡುವುದನ್ನು ನಮ್ಮ ಮಕ್ಕಳು ಫೋನಿನಲ್ಲಿ ದಿನಾ ನೋಡುತ್ತಾರೆ. ‘ನಿನ್ನ ಒಳ್ಳೇದಕ್ಕೇ’ ಅಂತ ಗಾಡಿ ನಿಲ್ಲಿಸುವುದನ್ನು ಮನೆಯಲ್ಲೇ ನೋಡಿ ಎಷ್ಟು ರೂಢಿಯಾಗಿದೆ ಅಂದರೆ, ಪುಸ್ತಕದಲ್ಲಿ ಬಂದಾಗ ಅದು ಪ್ರೀತಿಯ ಹಾಗೇ ಕಾಣುತ್ತದೆ. ಎಡ್ವರ್ಡ್ ಆಮೇಲೆ ತಪ್ಪಾಯಿತು ಅನ್ನುತ್ತಾನೆ, ಹೋಗಿ ಬಾ ಅಂತ ಬಿಡುತ್ತಾನೆ, ಅದನ್ನೂ ಹೇಳಬೇಕು. ನಮ್ಮಣ್ಣನಿಗೆ ಈಗ ಹದಿಮೂರರ ಮಗಳು. ಮೊನ್ನೆ ಅವನೇ ಫೋನ್ ಮಾಡಿ ಇದೇ ಪ್ರಶ್ನೆ ಕೇಳಿದ, ‘ನಿನ್ನ ಕಪಾಟಿನ ದೆವ್ವದ ಪುಸ್ತಕ ಕೇಳ್ತಿದಾಳೆ, ಕೊಡಬಹುದೇನೇ?’ ಪ್ಲಗ್ಗಿನ ಕಥೆ ನೆನಪಿಸಿದೆ. ‘ಯಾವ ಪ್ಲಗ್ಗು?’ ಅಂದ.

ಹಂಗಾದರೆ ಜೇಕಬ್ ಪರವಾ ಅಂತ ಕೇಳಬೇಡಿ. ಅವಳು ಬೇಡ ಅಂದರೂ ಅವನು ಬಲವಂತವಾಗಿ ಮುತ್ತು ಕೊಡುತ್ತಾನೆ, ಬೆಲ್ಲಾ ಗುದ್ದಿ ತನ್ನ ಕೈ ಮುರಿದುಕೊಳ್ಳುತ್ತಾಳೆ, ನಾನು ಅಲ್ಲಿವರೆಗೂ ಇಷ್ಟಪಟ್ಟಿದ್ದ ಅಪ್ಪ ಚಾರ್ಲಿ ಆ ಹುಡುಗನಿಗೇ ಶಭಾಷ್ ಅನ್ನುತ್ತಾನೆ. ಇನ್ನು ಜೇಕಬ್‌ನ ಬುಡಕಟ್ಟು ಕ್ವಿಲಿಯೂಟ್ ಅನ್ನುವುದು ಕಲ್ಪನೆಯಲ್ಲ, ಫೋರ್ಕ್ಸ್ ಹತ್ತಿರದ ಲಾ ಪುಷ್‌ನಲ್ಲಿ ಇವತ್ತಿಗೂ ಇರುವ ಜನ. ತಾವು ತೋಳದಿಂದ ಬಂದವರು ಅನ್ನುವುದು ಅವರ ಮೂಲದ ಕಥೆ, ಅದನ್ನು ತಿರುಚಿ ಇಲ್ಲಿ ವ್ಯಾಂಪೈರ್ ಶತ್ರುಗಳನ್ನಾಗಿ ಮಾಡಿದ್ದು. ನಮ್ಮ ಚಳ್ಳಕೆರೆ ಕಡೆಯ ಮ್ಯಾಸಬೇಡರ ದೇವರ ಎತ್ತಿನ ಕಥೆಯನ್ನು ಎಲ್ಲೋ ಕೂತವರು ತಗೊಂಡು, ಆ ಎತ್ತುಗಳು ರಾತ್ರಿ ಸಿಕ್ಸ್‌ಪ್ಯಾಕ್ ಹುಡುಗರಾಗುತ್ತವೆ ಅಂತ ಬರೆದು ಸಿನಿಮಾ ಮಾಡಿದರೆ ಹೇಗಿರುತ್ತದೆ ಅಂತ ಚಿತ್ರದುರ್ಗದ ಹುಡುಗನೊಬ್ಬನಿಗೆ ಕೇಳಿದೆ. ಅವನು ನಗಲಿಲ್ಲ.

ನಾಲ್ಕನೆಯದು ಬ್ರೇಕಿಂಗ್ ಡಾನ್. ಮದುವೆ, ಬಸಿರು, ಹೆರಿಗೆ, ಎಲ್ಲ ಬರುತ್ತದೆ. ಹೆರಿಗೆಯ ಭಾಗ ಓದಿ ನನಗೇ ಎರಡು ದಿನ ಊಟ ಸೇರಲಿಲ್ಲ. ಅದು ಪರವಾಗಿಲ್ಲ, ಆಗಷ್ಟೇ ಹುಟ್ಟಿದ ಕೂಸಿಗೆ ಜೇಕಬ್‌ನನ್ನು ಜೋಡಿ ಮಾಡುವುದು ಇದೆಯಲ್ಲ, ಅದನ್ನು ಸಮರ್ಥಿಸಿಕೊಳ್ಳೋಕೆ ನನ್ನಿಂದ ಆಗಲ್ಲ.

ಹಾಗಾಗಿ ಅಮ್ಮಂದಿರೇ, ಮೊದಲ ಮೂರು ಹೈಸ್ಕೂಲ್ ಮುಗಿದ ಮೇಲೆ ಧಾರಾಳವಾಗಿ ಕೊಡಿ, ನಾಲ್ಕನೆಯದು ಇನ್ನೊಂದೆರಡು ವರ್ಷ ತಡೆಯಲಿ. ಆದರೆ ನೀವೂ ಮೂರನೆಯದನ್ನ ಓದಿ, ಇಂಗ್ಲಿಷ್ ಕಷ್ಟ ಅಂದರೆ ಟ್ರಕ್ಕಿನ ಭಾಗವನ್ನಾದರೂ ಮಗಳ ಹತ್ತಿರ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಈಗ ಕಪಾಟಿನಲ್ಲಿರುವುದು ಒರಿಜಿನಲ್ ಪ್ರತಿಗಳೇ. ನ್ಯೂ ಮೂನ್ ತಗೊಂಡು ಹೋದವರು ಮಧ್ಯೆ ನಾಲ್ಕು ಹಾಳೆ ಖಾಲಿ ಇದೆ ಅಂತ ವಾಪಸ್ ತರಬೇಡಿ. ಅದು ಇರೋದೇ ಹಂಗೆ.